ಕುಳಿತೇ ಕಳೆಯುವ ಬದುಕು ಆರೋಗ್ಯಕ್ಕೆ ಕುತ್ತು

ನಿನ್ನೆ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನೀವು ಒಟ್ಟು ಎಷ್ಟು ಗಂಟೆ ಕುಳಿತಿದ್ದಿರಿ? ಒಮ್ಮೆ ಲೆಕ್ಕ ಹಾಕಿ ನೋಡಿ. ಬಸ್ಸಿನಲ್ಲಿ, ಅಂಗಡಿಯ ಗಲ್ಲಾದ ಹಿಂದೆ, ಕಚೇರಿಯ ಕುರ್ಚಿಯಲ್ಲಿ, ಹೊಲಿಗೆ ಯಂತ್ರದ ಎದುರು, ರಾತ್ರಿ ಊಟದ ಬಳಿಕ ಮೊಬೈಲ್ ಹಿಡಿದುಕೊಂಡು ಸೋಫಾದ ಮೇಲೆ. ಇವೆಲ್ಲವನ್ನೂ ಕೂಡಿಸಿದರೆ ಅನೇಕರ ಲೆಕ್ಕ ಎಂಟು ಗಂಟೆ ದಾಟೀತು.

"ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು" ಎಂದರು ನಮ್ಮ ಹಿರಿಯರು. ದುಡಿಯದೆ ತಿನ್ನುವ ಸೋಮಾರಿಗೆ ಹೇಳಿದ ಮಾತದು. ಆದರೆ ಇಂದು ಬೆವರಿಳಿಸಿ ದುಡಿಯುವವರಿಗಿಂತ ಕುಳಿತು ದುಡಿಯುವವರೇ ನಮ್ಮ ಸುತ್ತ ಹೆಚ್ಚುತ್ತಿದ್ದಾರೆ. ಅವರು ಸೋಮಾರಿಗಳಲ್ಲ. ಆದರೂ ಅವರ ಆರೋಗ್ಯವೆಂಬ ಹೊನ್ನು ಕುಡಿಕೆಯಿಂದ ಸದ್ದಿಲ್ಲದೆ ಸೋರಿ ಹೋಗುತ್ತಿರುತ್ತದೆ. ಇದು ಮೊದಲು ಬೆಳಕಿಗೆ ಬಂದದ್ದು ಹೇಗೆ ಗೊತ್ತೇ?

ಒಂದೇ ಬಸ್ಸಿನ ಇಬ್ಬರು

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದಯಾಘಾತಗಳು ಏರತೊಡಗಿದ್ದವು. ಕಾರಣ ಹುಡುಕಲು ಹೊರಟ ಡಾ. ಜೆರ್ರಿ ಮಾರಿಸ್ ಅವರ ಕಣ್ಣು ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ಮೇಲೆ ಬಿತ್ತು. ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಬಗೆಯ ಸಂಸಾರ. ಆದರೆ ಡ್ರೈವರ್ ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ.

ಸುಮಾರು 31 ಸಾವಿರ ಸಾರಿಗೆ ನೌಕರರ ವಿವರಗಳನ್ನು ಪರಿಶೀಲಿಸಿದ ಅವರ ವರದಿ 1953ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಂಡಕ್ಟರ್‌ಗಳಲ್ಲಿ ಹೃದ್ರೋಗ ಕಡಿಮೆಯಿತ್ತು. ಬಂದರೂ ತಡವಾಗಿ ಬರುತ್ತಿತ್ತು. ಆಘಾತವಾದ ಕೂಡಲೇ ಸಾಯುವವರ ಪ್ರಮಾಣವೂ ಕಡಿಮೆಯಿತ್ತು. ಅಂಚೆ ಇಲಾಖೆಯಲ್ಲೂ ಅದೇ ಕಥೆ. ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಕಾಗದ ಹಂಚುವ ಅಂಚೆಯವರು ಮೇಜಿನ ಮುಂದೆ ಕುಳಿತ ಗುಮಾಸ್ತರಿಗಿಂತ ಮೇಲಾಗಿದ್ದರು.

"ಮೊದಲೇ ದಪ್ಪಗಿದ್ದವರು ಡ್ರೈವರ್ ಕೆಲಸಕ್ಕೆ ಸೇರಿರಬಹುದಲ್ಲ?" ಎಂದು ನೀವು ಕೇಳಬಹುದು. ಮಾರಿಸ್ ಆ ಪ್ರಶ್ನೆಯನ್ನೂ ಬಿಡಲಿಲ್ಲ. ನೌಕರರಿಗೆ ಕೊಡುವ ಸಮವಸ್ತ್ರದ ಸೊಂಟದಳತೆಗಳನ್ನೇ ತರಿಸಿ ನೋಡಿದರು. ಡ್ರೈವರ್‌ಗಳ ಸೊಂಟ ದೊಡ್ಡದಿದ್ದದ್ದು ನಿಜ. ಆದರೆ ತೆಳ್ಳಗಿನವರಾಗಲಿ ದಪ್ಪಗಿನವರಾಗಲಿ, ಒಂದೇ ಅಳತೆಯವರನ್ನು ಹೋಲಿಸಿದಾಗಲೂ ಕಂಡಕ್ಟರ್‌ಗಳೇ ಹೆಚ್ಚು ಸುರಕ್ಷಿತರಾಗಿದ್ದರು. ಸ್ವತಃ ವ್ಯಾಯಾಮ ರೂಢಿಸಿಕೊಂಡಿದ್ದ ಮಾರಿಸ್ 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಎದ್ದು ಎರಡು ನಿಮಿಷ

ನಾವು ನಡೆದಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಉರಿಸುತ್ತವೆ. ಕುಳಿತಾಗ ಆ ಒಲೆ ಹೆಚ್ಚುಕಡಿಮೆ ಆರಿದಂತೆಯೇ. ಆಸ್ಟ್ರೇಲಿಯಾದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಸರಳವಾಗಿ ತೋರಿಸಿತು. ಅಧಿಕ ತೂಕದ 19 ಮಂದಿಯನ್ನು ಒಂದು ದಿನ ಗಂಟೆಗಟ್ಟಲೆ ಕೂರಿಸಲಾಯಿತು. ಇನ್ನೊಂದು ದಿನ ಪ್ರತಿ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಡೆಸಲಾಯಿತು. ಅಷ್ಟರಿಂದಲೇ ಆಹಾರದ ನಂತರ ಏರುವ ಸಕ್ಕರೆ ಸುಮಾರು ಕಾಲು ಭಾಗದಷ್ಟು ತಗ್ಗಿತು. ಅವರು ಓಡಲಿಲ್ಲ, ಬೆವರು ಸುರಿಸಲೂ ಇಲ್ಲ. ಮೆಲ್ಲನೆ ನಡೆದರೂ ಫಲ ಸಿಕ್ಕಿತು.

ಇದು ಸಣ್ಣ ಪ್ರಯೋಗವೇ ಸರಿ. ಆದರೆ 10 ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2016ರ ಅಧ್ಯಯನವೂ ಭರವಸೆಯ ಮಾತನ್ನೇ ಹೇಳುತ್ತದೆ. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೂರುವವರಲ್ಲಿ ಕಾಣುವ ಅಕಾಲ ಮರಣದ ಹೆಚ್ಚುವರಿ ಅಪಾಯ, 60ರಿಂದ 75 ನಿಮಿಷ ಚುರುಕಾಗಿ ನಡೆಯುವಷ್ಟು ಚಟುವಟಿಕೆ ಇರುವವರಲ್ಲಿ ಕಾಣಲಿಲ್ಲ. ಆದರೆ ಗಂಟೆಗಟ್ಟಲೆ ಟಿ.ವಿ. ಮುಂದೆ ಕೂರುವವರಿಗೆ ಇಷ್ಟು ಚಟುವಟಿಕೆಯಿಂದಲೂ ಅಪಾಯ ಪೂರ್ತಿ ನೀಗಲಿಲ್ಲ.

ಮನೆಯ ಮಹಿಳೆಯರ ಮಾತೇನು?

ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜು ನಮ್ಮನ್ನು ಎಚ್ಚರಿಸಬೇಕು. 2022ರಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಾಕಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಪುರುಷರಲ್ಲಿ ಇಂಥವರು ಶೇ. 42, ಮಹಿಳೆಯರಲ್ಲಿ ಶೇ. 57. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ.

"ಮನೆಗೆಲಸ ಮಾಡುವವಳಿಗೆ ಬೇರೆ ವ್ಯಾಯಾಮವೇಕೆ?" ಎನ್ನುವ ಗಂಡಂದಿರು ಬಹಳ. ಮನೆಗೆಲಸ ವ್ಯರ್ಥವಲ್ಲ, ಅದೂ ಲೆಕ್ಕಕ್ಕೆ ಸೇರುತ್ತದೆ. ಆದರೆ ಬಾವಿಯಿಂದ ನೀರು ಸೇದಿ, ಕಲ್ಲಿನಲ್ಲಿ ಅರೆದು, ಬಟ್ಟೆ ಒಗೆದ ಅಜ್ಜಿಯ ಕೆಲಸ ಬೇರೆ, ಮಿಕ್ಸಿ ಮತ್ತು ಪಂಪಿನ ಕಾಲದ ಕೆಲಸ ಬೇರೆ. ಯಂತ್ರಗಳು ಹೆಣ್ಣುಮಕ್ಕಳ ಬೆನ್ನುನೋವು ತಗ್ಗಿಸಿದ್ದು ಒಳ್ಳೆಯದೇ. ಹಾಗೆ ಉಳಿದ ಸಮಯದಲ್ಲಿ ಒಂದು ಪಾಲಾದರೂ ಅವರ ಆರೋಗ್ಯಕ್ಕೆ ಸಿಗಬೇಡವೇ? ನಮ್ಮ ಕರಾವಳಿಯಲ್ಲಿ ಮಡಿಲಲ್ಲಿ ಮೊರವಿಟ್ಟು ಬೀಡಿ ಕಟ್ಟುವ ತಾಯಂದಿರನ್ನು ನೋಡಿ. ದಿನವಿಡೀ ದುಡಿಯುತ್ತಾರೆ, ಆದರೆ ಬೆರಳು ಮಾತ್ರ ಓಡುತ್ತಿರುತ್ತದೆ.

ಮಹಿಳೆಯರು ನಡೆಯಲು ಹೊರಡಬೇಕಾದರೆ ಬಿಡುವು ಬೇಕು, ಜೊತೆ ಬೇಕು, ಭಯವಿಲ್ಲದ ದಾರಿ ಬೇಕು. ಆ ಅರ್ಧ ಗಂಟೆ ಮಕ್ಕಳನ್ನು ನೋಡಿಕೊಳ್ಳುವುದು, ಸಾಧ್ಯವಾದರೆ ಜೊತೆಯಲ್ಲೇ ಹೊರಡುವುದು ಮನೆಯ ಪುರುಷರ ಹೊಣೆ.

ಎಷ್ಟು ನಡೆದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂತಹ ಚಟುವಟಿಕೆ ಮಾಡಬೇಕು. ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸವಿರಬೇಕು. ಒಂದೇ ಸಲ ಹತ್ತು ನಿಮಿಷವಾದರೂ ಮಾಡಬೇಕೆಂಬ ಹಳೆಯ ಷರತ್ತು ಈಗಿಲ್ಲ. ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಹತ್ತು ಸಾವಿರ ಹೆಜ್ಜೆಯ ಮಾತು ಕೇಳಿ ಹೆದರಬೇಡಿ. ಅದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಹಬ್ಬಿದ ಸಂಖ್ಯೆ. ಅಮೆರಿಕದ ವಯೋವೃದ್ಧ ಮಹಿಳೆಯರ ಕುರಿತ 2019ರ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಮರಣ ಪ್ರಮಾಣ ಸ್ಪಷ್ಟವಾಗಿ ತಗ್ಗಿತ್ತು.

ನಾನು ಶಿಕ್ಷಕ. ಉತ್ತರ ಪತ್ರಿಕೆಗಳ ಕಟ್ಟು ಮುಂದಿದ್ದರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈಗ ಹತ್ತು ಪತ್ರಿಕೆ ಮುಗಿದರೆ ಎದ್ದು ವರಾಂಡದ ತುದಿಯವರೆಗೆ ಹೋಗಿ ಬರುತ್ತೇನೆ. ನೀವೂ ನಿಮ್ಮ ಕೆಲಸಕ್ಕೆ ಹೊಂದುವ ಗುರುತೊಂದನ್ನು ಇಟ್ಟುಕೊಳ್ಳಿ. ಒಂದು ಬಟ್ಟೆ ಹೊಲಿದಾಗ, ಬೀಡಿಯ ಒಂದು ಕಟ್ಟು ಮುಗಿದಾಗ, ಫೋನ್ ಬಂದಾಗ ಏಳಿ. ಒಂದು ನಿಲ್ದಾಣ ಮೊದಲೇ ಬಸ್ಸಿಳಿದು ನಡೆಯಿರಿ. ಹೃದ್ರೋಗ ಅಥವಾ ತೀವ್ರ ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳಿ.

ಕಂಡಕ್ಟರ್ ವ್ಯಾಯಾಮ ಮಾಡಲೆಂದು ಮೆಟ್ಟಿಲು ಹತ್ತಿದವನಲ್ಲ. ತನ್ನ ಕೆಲಸದ ನಡುವೆಯೇ ಅವನು ಆರೋಗ್ಯ ಗಳಿಸಿಕೊಂಡ. ಈ ಪುಟ ಓದಿ ಮುಗಿಸಿದ ನೀವು ಪತ್ರಿಕೆಯನ್ನು ಬದಿಗಿಟ್ಟು ಎದ್ದು ನಿಲ್ಲಿ. ಮನೆಯಲ್ಲಿ ಕುಳಿತಿರುವ ಇನ್ನೊಬ್ಬರನ್ನೂ ಕರೆದು ಅಂಗಳಕ್ಕೊಮ್ಮೆ ಸುತ್ತು ಬನ್ನಿ.