ಒಮ್ಮೆ ಬರೆದ ಆಜ್ಞೆ
ಬೆಟಗೇರಿಯ ನೇಕಾರರು ಒಂದೇ ಅಂಚನ್ನು ಸೀರೆಯಿಂದ ಸೀರೆಗೆ ತಪ್ಪದೆ ನೇಯುವದನ್ನು ವಾಚಕರು ಬಲ್ಲರು. 1804ರಲ್ಲಿ ಫ್ರಾನ್ಸಿನ ಜಕಾರ್ಡನು ಮಗ್ಗದ ಈ ಪುನರಾವೃತ್ತಿಯನ್ನು ರಂಧ್ರವಿಟ್ಟ ರಟ್ಟುಗಳಿಗೆ ಒಪ್ಪಿಸಿದನು. 1952ರಲ್ಲಿ ಅಮೇರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯು ರಂಧ್ರಪಟ್ಟಿಯಿಂದ ಲೋಹ ಕೊರೆಯುವ ಯಂತ್ರವನ್ನೇ ನಡೆಸಿ ತೋರಿಸಿತು. ಇಂದಿನ ಗಣಕಚಾಲಿತ ಯಂತ್ರಗಳ ಲಿಪಿಯಲ್ಲಿ 'ಜಿ01' ಎಂದರೆ ಸರಳರೇಖೆಯಲ್ಲಿ ಕೊರೆಯೆಂದರ್ಥ. ಒಮ್ಮೆ ಹೇಳಿದರಾಯಿತು, ಪಾಣಿನೀಯ ಸೂತ್ರಗಳ ಅನುವೃತ್ತಿಯಂತೆ, ಬೇರೆ ಚಲನಾಜ್ಞೆ ಬರುವವರೆಗೆ ಮುಂದಿನ ಪಂಕ್ತಿಗಳಿಗೂ ಅದು ಸಲ್ಲುವದು. ಒಂದೇ ಲಿಪಿಯಿಂದ ನೂರು ಬಿಡಿಭಾಗಗಳು ಸಿದ್ಧವಾಗುವವು. ದಶಾಂಶಬಿಂದುವೊಂದು ಸರಿದರೆ ನೂರೂ ಕೆಡುವವು. ಹಿಂದೊಮ್ಮೆ ಶಾಲೆಯ ಕರಿಹಲಗೆಯಲ್ಲಿ ನಾನು ತಪ್ಪಿ ಬರೆದ ಶಬ್ದವನ್ನು ನಲವತ್ತು ಪಾಟಿಗಳಲ್ಲಿ ಕಂಡು ನಾಚಿದ್ದೆನು. ಆದುದರಿಂದ ಯಂತ್ರದ ಮುಂದೆ ನಿಲ್ಲುವ ಮಕ್ಕಳೇ, ಮೊದಲನೆಯದನ್ನು ಅಳೆದು ನೋಡದೆ ಎರಡನೆಯದಕ್ಕೆ ಕೈಯಿಡಬೇಡಿರಿ.