ಹೇರಿನ ಲೆಕ್ಕ, ಹೊರುವವನ ಲೆಕ್ಕ

ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಹಬ್ಬಿತ್ತೆಂದು ‘ಕವಿರಾಜಮಾರ್ಗ’ವು ಹೇಳಿರುವುದು ಸರ್ವವಿದಿತ. ಗೋದಾವರಿಯ ಆಚೆಗೆ, ಈಗಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಖುಲ್ದಾಬಾದ್ ತಾಲ್ಲೂಕಿನಲ್ಲಿ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸ ದೇವಾಲಯವಿದೆ. ಈ ಪ್ರದೇಶಕ್ಕೂ ಕನ್ನಡಕ್ಕೂ ಇರುವ ನಂಟನ್ನು ನಮ್ಮ ವಿದ್ವಾಂಸರು ಶಾಸನ, ಶಿಲ್ಪ, ಸ್ಥಳನಾಮಗಳಲ್ಲಿ ಅರಸಿದ್ದಾರೆ. ಇಂದಿಗೂ ಉಳಿದಿರುವ ಮತ್ತೊಂದು ನಂಟು ಸರಕು ಸಾಗಣೆಯದು. ಅದರ ಮಹತ್ವವನ್ನೂ ಸಮಸ್ಯೆಗಳನ್ನೂ ಸ್ಥೂಲವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪಂಜಾಬಿನ ಸಂಗ್ರೂರಿನಲ್ಲಿ ಹೊರಡುವ 52ನೆಯ ರಾಷ್ಟ್ರೀಯ ಹೆದ್ದಾರಿಯು ಧುಳೆಯಿಂದ ದಕ್ಷಿಣಕ್ಕೆ ಇಳಿದು, ಕನ್ನಡ್ ಘಾಟನ್ನು ಏರಿ, ಖುಲ್ದಾಬಾದ್ ತಾಲ್ಲೂಕನ್ನು ಹಾಯ್ದು, ಬೀಡ್, ಸೊಲ್ಲಾಪುರ, ವಿಜಯಪುರ, ಹುಬ್ಬಳ್ಳಿಗಳ ಮೂಲಕ ಅಂಕೋಲೆಯಲ್ಲಿ ಕಡಲನ್ನು ಮುಟ್ಟುತ್ತದೆ. ವಿಜಯಪುರದ ದ್ರಾಕ್ಷಿ ಮತ್ತು ನಿಂಬೆ, ಸಂಭಾಜಿನಗರದ ಬಳಿಯ ವಾಳೂಜ್ ಕೈಗಾರಿಕಾ ಪ್ರದೇಶದ ವಾಹನಗಳು, ನೆರೆಯ ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್ ಮಾರುಕಟ್ಟೆಯ ಈರುಳ್ಳಿ ಇವೆಲ್ಲ ಲಾರಿಯನ್ನು ನಂಬಿದ ಸರಕುಗಳು. ಕೊಯ್ದ ದ್ರಾಕ್ಷಿ ಕಾಯುವುದಿಲ್ಲ. ಒಂದು ದಿನ ತಡವಾದರೆ ರೈತನ ಒಂದು ವರ್ಷದ ದುಡಿಮೆಯ ಬೆಲೆ ಕುಸಿಯುತ್ತದೆ. 1976ರಲ್ಲಿ ವಿಜಯ ಸಂಕೇಶ್ವರರು ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ಉದ್ಯಮವು ಮುಂದೆ ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು ದೇಶದಾದ್ಯಂತ ಹರಡಿದುದು ಈ ವ್ಯವಹಾರದ ಸಾಧ್ಯತೆಗೆ ನಿದರ್ಶನ.

ಆದರೆ ಇಂತಹ ಉದಾಹರಣೆ ವಿರಳ. ಬಹುಪಾಲು ಲಾರಿಗಳು ಒಂದೆರಡು ವಾಹನಗಳುಳ್ಳ ಸಣ್ಣ ಮಾಲೀಕರವು. ಸಾಲದ ಕಂತು, ಡೀಸೆಲ್, ಟೈರು, ಟೋಲ್ ಇವು ತಪ್ಪದ ಖರ್ಚುಗಳು. ಬಾಡಿಗೆ ಮಾತ್ರ ಅನಿಶ್ಚಿತ. ಹೋಗುವಾಗ ತುಂಬಿದ ಲಾರಿ ಬರುವಾಗ ಖಾಲಿಯಾದರೆ ಲಾಭವೆಲ್ಲ ದಾರಿಯಲ್ಲೇ ಕರಗುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ರಾಜ್ಯಗಳ ಗಡಿಯ ವಾಣಿಜ್ಯ ತೆರಿಗೆ ತಪಾಸಣಾ ಕೇಂದ್ರಗಳು ತೆರವಾಗಿ ಕಾಯುವ ಹೊತ್ತು ಕಡಿಮೆಯಾಯಿತು. ಆದರೆ 2023ರ ಡಿಸೆಂಬರಿನಿಂದ 2024ರ ಮೇ ತಿಂಗಳವರೆಗೆ ಈರುಳ್ಳಿ ರಫ್ತು ನಿಷೇಧಗೊಂಡಾಗ ರೈತನೊಡನೆ ಲಾರಿಯವನೂ ನಷ್ಟಕ್ಕೆ ಪಾಲುಗಾರನಾದನು. 2023ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠವು ಕನ್ನಡ್ ಘಾಟಿನಲ್ಲಿ ಭಾರಿ ವಾಹನಗಳನ್ನು ನಿಷೇಧಿಸಿತು. ದಟ್ಟಣೆ ಮತ್ತು ಅಪಘಾತಗಳನ್ನು ನೋಡಿದರೆ ಈ ಕ್ರಮ ಅಗತ್ಯವೇ. ಆದರೆ ಸುತ್ತುದಾರಿಯ ಡೀಸೆಲ್ಲಿನ ಭಾರ ಸಣ್ಣ ಮಾಲೀಕನ ಮೇಲೆಯೇ ಬೀಳುತ್ತದೆ.

ಇಲ್ಲಿ ಶಾಸನಗಳತ್ತ ಒಮ್ಮೆ ನೋಡುವುದು ಉಚಿತ. ಅಯ್ಯಾವೊಳೆಯ ಐನೂರ್ವರಂತಹ ವರ್ತಕ ಸಂಘಗಳು ಕತ್ತೆ, ಕೋಣ, ಬಂಡಿಗಳ ಮೇಲೆ ಸರಕು ಸಾಗಿಸುತ್ತಿದ್ದವು. ಹೇರಿಗಿಷ್ಟು ಎಂದು ಎಣಿಸಿ ದೇವಾಲಯಗಳಿಗೆ ದತ್ತಿ ಬಿಡುತ್ತಿದ್ದವು. ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರುಗಳು ನಮಗೆ ಉಳಿದಿವೆ. ಹೇರಿನ ಹಿಂದೆ ನಡೆದವನ ಹೆಸರು ಉಳಿದಿರುವುದು ಅತ್ಯಪೂರ್ವ.

ಇಂದಿನ ಸ್ಥಿತಿಯೂ ಬಹಳ ಭಿನ್ನವಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ ಎಂಟು ಗಂಟೆಗಳ ದುಡಿಮೆಯ ಮಿತಿಯನ್ನು ವಿಧಿಸಿತು. ಆದರೆ ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳಿಗಷ್ಟೇ ಅದು ಅನ್ವಯಿಸಿತು; ಆದ್ದರಿಂದ ಒಂಟಿ ಲಾರಿಯ ಚಾಲಕ ಸಾಮಾನ್ಯವಾಗಿ ಅದರ ಹೊರಗೇ ಉಳಿದನು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಕರಾವಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಮರದ ದಿಮ್ಮಿಗಳನ್ನು ಹೊತ್ತಿದ್ದ ಲಾರಿಯೊಡನೆ ಕೇರಳದ ಚಾಲಕನೊಬ್ಬ ಕಣ್ಮರೆಯಾದನು. ಗಂಗಾವಳಿ ನದಿಯಿಂದ ಆ ಲಾರಿಯನ್ನೂ ಅದರೊಳಗಿದ್ದ ದೇಹವನ್ನೂ ಹೊರತೆಗೆಯಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ದಿನ ನಾಡೆಲ್ಲ ಒಬ್ಬ ಲಾರಿ ಚಾಲಕನ ಹೆಸರನ್ನು ನೆನೆಯಿತು. ಅದಕ್ಕೆ ಅಂತಹ ದುರಂತವೇ ಬೇಕಾಯಿತೆಂಬುದು ವಿಚಾರಾರ್ಹ.

ಹೆದ್ದಾರಿ ಅಗಲವಾದರೆ ಮಾತ್ರ ಈ ಉದ್ಯಮ ಬಾಳದು. ದಾರಿಯಲ್ಲಿ ಸುರಕ್ಷಿತ ತಂಗುದಾಣ, ನಿಗದಿತ ವಿಶ್ರಾಂತಿ, ಸಣ್ಣ ಮಾಲೀಕನಿಗೂ ಎಟಕುವ ವಿಮೆ, ಮರಳುವಾಗ ಸರಕು ದೊರಕಿಸುವ ಸಹಕಾರಿ ವ್ಯವಸ್ಥೆ ಇವು ಆವಶ್ಯಕ. ಕನ್ನಡ ಅಧ್ಯಯನಕ್ಕೂ ಇಲ್ಲಿ ಕೆಲಸವಿದೆ. ಚಾಲಕರ ನೆನಪುಗಳನ್ನು, ಕನ್ನಡ, ಮರಾಠಿ, ಹಿಂದಿಗಳು ಬೆರೆತ ಅವರ ವೃತ್ತಿಪದಗಳನ್ನು ನಮ್ಮ ವಿದ್ಯಾರ್ಥಿಗಳು ಸಂಗ್ರಹಿಸಬೇಕು. ಹೇರಿನ ಲೆಕ್ಕ ಬರೆದಿಟ್ಟ ನಾಡು ಹೊತ್ತವನ ಲೆಕ್ಕವನ್ನೂ ಬರೆದಿಡಬೇಕಾಗಿದೆ.