ಇನ್ವರ್ಟರ್ ‘ಪ್ಯಾಸಿವ್’ ಹೌದೋ ಅಲ್ಲವೋ? ಸಾಫ್ಟ್‌ವೇರ್ ಹೇಳುತ್ತೆ, ಮಾದರಿ ಕೊಟ್ಟರೆ

2019ರ ಆಗಸ್ಟ್ 9ರ ಸಂಜೆ ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯ್ತು. ಶುರುವಾಗಿದ್ದು ಸಿಡಿಲಿನಿಂದ. ಲಿಟಲ್ ಬಾರ್ಫರ್ಡ್‌ನ ಗ್ಯಾಸ್ ಸ್ಥಾವರ ಕೈಕೊಟ್ಟಿತು. ಹಾರ್ನ್‌ಸೀ ಪವನ ವಿದ್ಯುತ್ ಸ್ಥಾವರದ ನಿಯಂತ್ರಣ ವ್ಯವಸ್ಥೆ ಗ್ರಿಡ್ ಜೊತೆ ತೂಗಾಡಿ 737 ಮೆಗಾವ್ಯಾಟ್ ಕಡಿತವಾಯ್ತು. ಆಮೇಲೆ ಹಾರ್ನ್‌ಸೀಯಲ್ಲಿ ಬದಲಾಯಿಸಿದ್ದು ಸಾಫ್ಟ್‌ವೇರನ್ನು.

ಇಂಥ ತೂಗಾಟದ ಅಪಾಯ ಮೊದಲೇ ತಿಳಿಯೋಕೆ ಇರುವ ಒಂದು ಪರೀಕ್ಷೆ ಪ್ಯಾಸಿವಿಟಿ. ಪಡೆದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ವಾಪಸ್ ಕೊಡದ ವ್ಯವಸ್ಥೆ ಪ್ಯಾಸಿವ್. ಇಲ್ಲಿ ಲೆಕ್ಕ ಗಾಳಿ, ಬಿಸಿಲಿನಿಂದ ಬರುವ ವಿದ್ಯುತ್ತಿನದಲ್ಲ. ಗ್ರಿಡ್ ಸ್ವಲ್ಪ ಅಲುಗಿದಾಗ ಇನ್ವರ್ಟರ್ ಆ ಅಲುಗಾಟವನ್ನು ನುಂಗುತ್ತದೋ, ಇನ್ನಷ್ಟು ತಳ್ಳುತ್ತದೋ ಅನ್ನೋದು ಪ್ರಶ್ನೆ. ಪ್ಯಾಸಿವ್ ಆದ ಎರಡನ್ನು ಜೋಡಿಸಿದರೆ ತೂಗಾಟ ಬೆಳೆಯುವುದಿಲ್ಲ. ಹಾಗಾಗಿ ಪ್ರತಿ ಕಂಪನಿಯ ಯಂತ್ರವನ್ನು ಬೇರೆಬೇರೆಯಾಗಿಯೇ ಪರೀಕ್ಷಿಸಬಹುದು.

ಸುಲಭ ದಾರಿ: ಒಂದೊಂದೇ ಫ್ರೀಕ್ವೆನ್ಸಿಯಲ್ಲಿ ಪ್ರತಿಕ್ರಿಯೆ ಅಳೆದು, ಅದರ ವಾಸ್ತವ ಭಾಗ ಋಣವಾಗಿದೆಯಾ ಅಂತ ನೋಡೋದು. ತಲಾ ಒಂದು ಸೆಕೆಂಡ್ ಕಾಲಮಾನದ ಎರಡು ಸರಳ ಫಿಲ್ಟರ್‌ಗಳನ್ನು ಒಂದರ ಹಿಂದೆ ಒಂದು ಇಡಿ. ಸೆಕೆಂಡಿಗೆ 0.5 ರೇಡಿಯನ್‌ನಲ್ಲಿ ಬರುವುದು 0.48, ಪಾಸ್. 2 ರೇಡಿಯನ್‌ನಲ್ಲಿ −0.12, ಫೇಲ್. ವ್ಯವಸ್ಥೆ ತನ್ನಷ್ಟಕ್ಕೆ ಸ್ಥಿರ, ಆದರೂ ಪ್ಯಾಸಿವ್ ಅಲ್ಲ. ಒಂದು ರೇಡಿಯನ್‌ಗೆ ಮೊದಲೇ ಪರೀಕ್ಷೆ ನಿಲ್ಲಿಸಿದವರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಸಾಫ್ಟ್‌ವೇರ್ ಬೇಕಾಗುವುದು ಇಲ್ಲೇ. ಮ್ಯಾಟ್‌ಲ್ಯಾಬ್‌ನಲ್ಲಿ ‘ಈಸ್‌ಪ್ಯಾಸಿವ್’ ಆಜ್ಞೆಯಿದೆ. ಪೈಥಾನ್‌ನ ಉಚಿತ ಕಂಟ್ರೋಲ್ ಲೈಬ್ರರಿಯಲ್ಲೂ ಅದೇ ಹೆಸರಿನದ್ದಿದೆ. ಪೈಥಾನಿನದು ಫ್ರೀಕ್ವೆನ್ಸಿಗಳನ್ನು ಒಂದೊಂದಾಗಿ ಹುಡುಕುವುದಿಲ್ಲ. ಕಾಲ್ಮನ್, ಯಾಕುಬೊವಿಚ್, ಪೊಪೊವ್ ಹೆಸರಿನ ಪ್ರಮೇಯ ಬಳಸಿ, ಒಳಗೆ ಕೂಡಿಟ್ಟ ಶಕ್ತಿಯ ಲೆಕ್ಕ ಸರಿತೂಗುವ ಮ್ಯಾಟ್ರಿಕ್ಸ್ ಒಂದಿದೆಯಾ ಅಂತ ನೋಡುತ್ತದೆ. ಸಿಕ್ಕರೆ ಎಲ್ಲ ಫ್ರೀಕ್ವೆನ್ಸಿಗೂ ಒಂದೇ ಸಲ ಉತ್ತರ.

ಆದರೆ ಅದಕ್ಕೆ ವ್ಯವಸ್ಥೆಯ ಸಮೀಕರಣಗಳು ಬೇಕು. ತಯಾರಕರು ಎಷ್ಟೋ ಸಲ ಕೊಡುವುದು ಬೀಗ ಹಾಕಿದ ಮಾದರಿ, ಒಳಗೇನಿದೆ ಕಾಣಲ್ಲ. ಆಗ ಉಳಿಯುವುದು ಒಂದೊಂದೇ ಫ್ರೀಕ್ವೆನ್ಸಿ ಅಳೆಯುವ ಹಳೆ ದಾರಿ, ಅಂದರೆ ಸ್ಯಾಂಪಲ್ ಮೇಲಿನ ನಂಬಿಕೆ. ವ್ಯಾಪಾರ ರಹಸ್ಯದ ವಾದ ಅರ್ಥವಾಗುತ್ತೆ, ಆದರೆ ಸಾರ್ವಜನಿಕ ಗ್ರಿಡ್‌ಗೆ ಜೋಡಿಸುವ ಯಂತ್ರಕ್ಕೆ ನನಗೆ ಅದು ಒಪ್ಪಿಗೆಯಿಲ್ಲ. ನಮ್ಮ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕೂಡ ಗ್ರಿಡ್ ಸೇರುವುದು ಇನ್ವರ್ಟರ್‌ಗಳ ಮೂಲಕವೇ.

ಹಾಗಂತ ಫೇಲ್ ಆದದ್ದೆಲ್ಲ ಅಪಾಯಕಾರಿ ಅಲ್ಲ. ನಿಯಂತ್ರಣದಲ್ಲಿನ ಮಿಲಿಸೆಕೆಂಡಿಗೂ ಕಡಿಮೆ ವಿಳಂಬವೇ ಕೆಲವು ಫ್ರೀಕ್ವೆನ್ಸಿಗಳಲ್ಲಿ ಇನ್ವರ್ಟರನ್ನು ಪ್ಯಾಸಿವ್ ಅಲ್ಲದ ಹಾಗೆ ಮಾಡಬಹುದು. ಆಗ ಅದನ್ನು ಗ್ರಿಡ್ ಜೊತೆ ಸೇರಿಸಿಯೇ ಪರೀಕ್ಷಿಸಬೇಕು, ಅದಕ್ಕೂ ಮಾದರಿ ಬೇಕು.